ಎದುರು ಪಕ್ಷದ ಮಾತು ನಿಮ್ಮ ಲೇಖನದಲ್ಲಿ ಎಲ್ಲಿದೆ?

ಆತ್ಮೀಯ ಲೇಖಕರೇ,

ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ದೊರೆಯಬೇಕೆಂದು ವಾದಿಸಿ ನೀವು ಕಳುಹಿಸಿದ ‘ಮುಚ್ಚಿದ ಬಾಗಿಲು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ನಿಮ್ಮ ತೀರ್ಮಾನವನ್ನು ನಾನು ಒಪ್ಪುತ್ತೇನೆ. ಇಬ್ಬರು ವಯಸ್ಕರು ಒಬ್ಬರನ್ನೊಬ್ಬರು ನೋಡಿಕೊಳ್ಳುವ ಹೊಣೆಯನ್ನು ತಾವಾಗಿಯೇ ಹೊತ್ತಾಗ ಪ್ರಭುತ್ವ ಅದನ್ನು ದಾಖಲಿಸಿಕೊಳ್ಳಬೇಕು ಎಂಬುದು ನನ್ನ ದೃಢವಾದ ನಂಬಿಕೆ. ಆದರೆ ಮೊದಲೇ ಒಪ್ಪಿರುವ ನನಗೇ ನಿಮ್ಮ ಹನ್ನೆರಡು ಪುಟಗಳಲ್ಲಿ ಹೊಸದಾಗಿ ತಿಳಿದದ್ದು ಕಡಿಮೆ; ಒಪ್ಪದ ಓದುಗರಂತೂ ಮೊದಲ ಪುಟ ಮುಗಿಯುವ ಮುನ್ನವೇ ಅದನ್ನು ಕೆಳಗಿಡುತ್ತಾರೆ. ಹಾಗೆ ಕೆಳಗಿಡುವ ಓದುಗರಿಗಾಗಿಯೇ ಈ ಲೇಖನ ಬರೆಯಬೇಕಾಗಿತ್ತು.

ಮೊದಲ ಪುಟದಲ್ಲಿ ನೀವು ‘ಧರ್ಮಗಳೆಲ್ಲವೂ ಪ್ರೀತಿಯ ವೈರಿಗಳು, ಆದ್ದರಿಂದ ಅವುಗಳ ಆಕ್ಷೇಪಕ್ಕೆ ಉತ್ತರ ಕೊಡುವ ಅಗತ್ಯವಿಲ್ಲ’ ಎಂದು ಬರೆದಿದ್ದೀರಿ. ಲೇಖನ ದಾರಿ ತಪ್ಪಿದ್ದು ಈ ವಾಕ್ಯದಲ್ಲಿ. ಮದುವೆ ಎಂಬ ಒಂದೇ ಪದವನ್ನು ಬೇರೆ ಬೇರೆ ಧರ್ಮಗಳು ಬೇರೆ ಬೇರೆ ಅರ್ಥದಲ್ಲಿ ಬಳಸುತ್ತವೆ, ಅವುಗಳ ಆಕ್ಷೇಪವೂ ಒಂದೇ ಬಗೆಯದಲ್ಲ. ಕ್ಯಾಥೋಲಿಕರಿಗೆ ಮದುವೆಯು ದೈವಕೃಪೆಯ ಸಂಸ್ಕಾರ; ದಂಪತಿಗಳ ಐಕ್ಯ ಮತ್ತು ಸಂತಾನ ಎಂಬ ಎರಡು ಗುರಿಗಳನ್ನು ಬೇರ್ಪಡಿಸಲಾಗದು ಎನ್ನುವುದು ಅವರ ಬೋಧನೆ. ಮುಸ್ಲಿಮರಲ್ಲಿ ನಿಕಾಹ್ ಎಂದರೆ ಮೆಹರ್ (ವರ ವಧುವಿಗೆ ಕೊಡಬೇಕಾದ ಧನ), ಒಪ್ಪಿಗೆ, ಸಾಕ್ಷಿಗಳಿರುವ ಒಂದು ಕರಾರು. ಕರಾರಾದ್ದರಿಂದ ಅದರ ಷರತ್ತುಗಳು ಸಡಿಲವಾಗಬಹುದೆಂದು ಹೊರಗಿನವರಿಗೆ ಅನ್ನಿಸಬಹುದು, ಆದರೆ ಆ ಕರಾರಿನ ಪಕ್ಷಗಳು ಒಬ್ಬ ಗಂಡು ಮತ್ತು ಒಂದು ಹೆಣ್ಣೇ ಆಗಿರಬೇಕೆಂಬುದರಲ್ಲಿ ಸಾಂಪ್ರದಾಯಿಕ ನ್ಯಾಯಪಂಥಗಳು ಒಮ್ಮತದಿಂದಿವೆ. ಹಿಂದೂ ಸಂಪ್ರದಾಯದಲ್ಲಿ ವಿವಾಹವೊಂದು ಸಂಸ್ಕಾರ, ಗೃಹಸ್ಥಾಶ್ರಮದ ಪ್ರವೇಶದ್ವಾರ. ಸಂತಾನದ ಮೂಲಕ ಪಿತೃಋಣ ತೀರಿಸುವ ಕರ್ತವ್ಯ ಅದಕ್ಕೆ ಅಂಟಿಕೊಂಡೇ ಬರುತ್ತದೆ. ಈ ಮೂರನ್ನೂ ಅವರವರ ಮಾತಿನಲ್ಲಿ, ಒಬ್ಬ ಶ್ರದ್ಧಾವಂತರು ಓದಿ ‘ಹೌದು, ನಾನು ಹೇಳುವುದು ಇದನ್ನೇ’ ಎಂದು ತಲೆಯಾಡಿಸುವಂತೆ, ಮೊದಲು ಬರೆಯಿರಿ. ಖಂಡನೆ ಆಮೇಲೆ.

ಹಾಗೆ ಬರೆಯಲು ಕುಳಿತರೆ ನಿಮ್ಮ ಎರಡನೆಯ ಪುಟದ ವಾದವೂ ಗಟ್ಟಿಯಾಗುತ್ತದೆ. ಮಕ್ಕಳಾಗದ ದಂಪತಿಗಳ, ಇಳಿವಯಸ್ಸಿನಲ್ಲಿ ಮದುವೆಯಾದವರ ವಿವಾಹವನ್ನು ಯಾರೂ ಅಸಿಂಧು ಎನ್ನುವುದಿಲ್ಲವಲ್ಲ ಎಂದು ಕೇಳಿ, ಅಲ್ಲಿಗೆ ಗೆದ್ದೆವೆಂದು ನಿಲ್ಲಿಸಿದ್ದೀರಿ. ಕ್ಯಾಥೋಲಿಕ್ ಚಿಂತಕರ ಬಳಿ ಇದಕ್ಕೆ ಸಿದ್ಧವಾದ ಉತ್ತರವಿದೆ: ಅಂಥ ಮದುವೆಯಲ್ಲಿ ಫಲ ದೊರೆಯದಿದ್ದರೂ ಅದರ ಬಗೆ ಸಂತಾನದತ್ತ ಮುಖ ಮಾಡಿದ್ದೇ ಆಗಿದೆ, ಆದ್ದರಿಂದ ಅದು ಅಪವಾದ, ನಿಯಮಭಂಗವಲ್ಲ ಎನ್ನುತ್ತಾರೆ ಅವರು. ಈ ಉತ್ತರ ಧರ್ಮಶಾಸ್ತ್ರದೊಳಗೆ ನಿಲ್ಲಬಹುದು. ಆದರೆ ಮದುವೆಯ ನೋಂದಣಾಧಿಕಾರಿ ಬಂದವರ ಸಂತಾನಶಕ್ತಿಯನ್ನು ವಿಚಾರಿಸುವುದಿಲ್ಲ. ಕಾನೂನಿಗೆ ಬೇಕಾದದ್ದು ವಯಸ್ಸು, ಒಪ್ಪಿಗೆ, ಮತ್ತೊಂದು ಮದುವೆ ಜೀವಂತವಾಗಿಲ್ಲ ಎಂಬ ಖಾತರಿ, ನಿಷಿದ್ಧ ಸಂಬಂಧದ ಪರಿಶೀಲನೆ, ಇಂಥ ಕೆಲವು ಸಂಗತಿಗಳು ಮಾತ್ರ. ಧರ್ಮಶಾಸ್ತ್ರದೊಳಗೆ ನಿಲ್ಲುವ ವಾದವೊಂದು ನೋಂದಣಿ ಕಚೇರಿಯ ಮೇಜಿನ ಮುಂದೆ ಏಕೆ ನಿಲ್ಲುವುದಿಲ್ಲ ಎಂಬುದನ್ನು ಬಿಡಿಸಿ ತೋರಿಸುವುದೇ ನಿಮ್ಮ ಲೇಖನದ ಕೆಲಸ.

ಧರ್ಮಗಳ ಒಳಗೇ ನಡೆದಿರುವ ವಾಗ್ವಾದವೂ ನಿಮ್ಮಲ್ಲಿ ಕಾಣೆಯಾಗಿದೆ. ಸ್ವೀಡನ್ನಿನ ಲೂಥರನ್ ಚರ್ಚು 2009ರಲ್ಲಿ ಸಲಿಂಗ ವಿವಾಹಗಳನ್ನು ನೆರವೇರಿಸಲು ತೀರ್ಮಾನಿಸಿತು. ಬ್ರಿಟನ್ನಿನ ಕ್ವೇಕರ್ ಎಂಬ ಕ್ರೈಸ್ತ ಪಂಥದವರೂ ಅದೇ ವರ್ಷ ಅದೇ ನಿಲುವಿಗೆ ಬಂದರು. 2023ರ ಡಿಸೆಂಬರಿನಲ್ಲಿ ವ್ಯಾಟಿಕನ್ ಹೊರಡಿಸಿದ ಘೋಷಣೆಯೊಂದು ಮದುವೆಯ ಕುರಿತ ಬೋಧನೆಯನ್ನು ಕಿಂಚಿತ್ತೂ ಬದಲಿಸದೆ, ವಿವಾಹವಿಧಿಯನ್ನು ಹೋಲದ ರೀತಿಯಲ್ಲಿ ಸಲಿಂಗ ಜೋಡಿಗಳನ್ನು ಪಾದ್ರಿಗಳು ಆಶೀರ್ವದಿಸಬಹುದೆಂದಿತು. ಇವನ್ನು ನಿಮ್ಮ ಪಕ್ಷದ ಗೆಲುವೆಂದು ಬರೆಯಬೇಡಿ. ಒಂದೇ ಗ್ರಂಥವನ್ನು ನಂಬುವವರಲ್ಲೂ ಭಿನ್ನಾಭಿಪ್ರಾಯವಿದೆ, ಹಾಗಿರುವಾಗ ಪ್ರಭುತ್ವವು ಯಾರ ಓದನ್ನು ಕಾನೂನಾಗಿಸಬೇಕು ಎಂಬ ಪ್ರಶ್ನೆಗೆ ಇವು ದಾರಿ ಮಾಡಿಕೊಡುತ್ತವೆ, ಅಷ್ಟೆ.

ನಾಲ್ಕನೆಯ ಪುಟದ ಶಿಖಂಡಿ, ಮೋಹಿನಿ, ಖಜುರಾಹೊ ಶಿಲ್ಪಗಳ ಭಾಗವನ್ನು ಪೂರ್ತಿ ತೆಗೆಯಿರಿ. ಈ ವಿಷಯದ ಮೇಲೆ ನನ್ನ ಮೇಜಿಗೆ ಬರುವ ಲೇಖನಗಳಲ್ಲಿ ಹೆಚ್ಚಿನವು ಈ ಮೂರು ಹೆಸರುಗಳ ಬಳಿ ಬಂದು ತಂಗುತ್ತವೆ. ಲಿಂಗ ಬದಲಾವಣೆಯ ಕಥೆಯೊಂದು ಸಲಿಂಗ ದಾಂಪತ್ಯಕ್ಕೆ ಪ್ರಮಾಣವಾಗುವುದಿಲ್ಲ. ಗೋಡೆಯ ಮೇಲಿನ ಶಿಲ್ಪ ವಿವಾಹವಿಧಿಯಾಗುವುದಿಲ್ಲ. ಅದಕ್ಕೂ ಮಿಗಿಲಾಗಿ, ಪರಂಪರೆ ನಮ್ಮ ಪರವಾಗಿದೆ ಎಂದು ನೀವು ಹೇಳಿದ ಕೂಡಲೇ ವಿರೋಧಿಸುವವರು ಮನುಸ್ಮೃತಿಯ ಎಂಟನೆಯ ಅಧ್ಯಾಯ ಹೆಣ್ಣುಗಳಿಗೆ ವಿಧಿಸುವ ದಂಡವನ್ನೂ ಹನ್ನೊಂದನೆಯ ಅಧ್ಯಾಯ ಗಂಡಸರಿಗೆ ಹೇಳುವ ಪ್ರಾಯಶ್ಚಿತ್ತವನ್ನೂ ಮುಂದಿಡುತ್ತಾರೆ, ಆಗ ನಿಮ್ಮಲ್ಲಿ ಉತ್ತರವಿರುವುದಿಲ್ಲ. ಶಾಸ್ತ್ರವನ್ನು ತರಲೇಬೇಕೆಂದರೆ ಸ್ಮೃತಿಗಳು ಹೇಳುವ ಎಂಟು ಬಗೆಯ ಮದುವೆಗಳನ್ನು, ಅಷ್ಟವಿವಾಹಗಳನ್ನು, ತನ್ನಿ. ಕೊಂದು ಕೆಡವಿ ಹೆಣ್ಣನ್ನು ಹೊತ್ತೊಯ್ಯುವ ರಾಕ್ಷಸವನ್ನೂ ಮೈಮರೆತವಳ ಮೇಲೆ ಎಸಗುವ ಪೈಶಾಚವನ್ನೂ ಸ್ಮೃತಿಗಳು ನಿಂದಿಸುತ್ತಲೇ ವಿವಾಹಗಳ ಪಟ್ಟಿಯಲ್ಲಿ ಎಣಿಸಿದವು. ಇಂದಿನ ಕಾನೂನಿಗೆ ಅವೆರಡೂ ಅಪರಾಧಗಳು. 1955ರ ಹಿಂದೂ ವಿವಾಹ ಕಾಯ್ದೆ ಬಹುಪತ್ನಿತ್ವವನ್ನು ನಿಷೇಧಿಸಿತು, ವಿಚ್ಛೇದನಕ್ಕೆ ಅವಕಾಶ ಕೊಟ್ಟಿತು, ಮತ್ತು ಸಪ್ತಪದಿಯನ್ನೂ ಉಳಿಸಿಕೊಂಡಿತು. ಸಂಸ್ಕಾರವೆಂಬ ಮಾತನ್ನು ಬಿಡದೆಯೇ ಅದರ ಷರತ್ತುಗಳನ್ನು ಬದಲಿಸಿದ ಅನುಭವ ಈ ದೇಶಕ್ಕೆ ಆಗಲೇ ಇದೆ ಎಂಬುದು ಮೋಹಿನಿಯ ಕಥೆಗಿಂತ ಬಲವಾದ ಮಾತು.

ಈಗ ನೀವು ಒಂದೇ ಸಾಲಿನಲ್ಲಿ ದಾಟಿಹೋದ, ನನ್ನ ಪ್ರಕಾರ ಲೇಖನದ ನಡುಮನೆಯಾಗಬೇಕಿದ್ದ ಭಾಗಕ್ಕೆ ಬರುತ್ತೇನೆ. ‘ನಮ್ಮಲ್ಲಿ ವಿಶೇಷ ವಿವಾಹ ಕಾಯ್ದೆ ಇದೆ, ಅದಕ್ಕೆ ಎರಡು ಪದ ಸೇರಿಸಿದರೆ ಸಾಕು’ ಎಂದಿದ್ದೀರಿ. ಧಾರ್ಮಿಕ ವಿಧಿಯಿಲ್ಲದೆ ನೋಂದಣಿ ಕಚೇರಿಯಲ್ಲೇ ಮದುವೆಯಾಗಲು ದಾರಿ ಕೊಡುವ ಆ ಕಾಯ್ದೆಯ ಹುಟ್ಟನ್ನು ಓದಿ. ಬಂಗಾಳದ ಸುಧಾರಕ ಕೇಶವಚಂದ್ರ ಸೇನರು ಮತ್ತು ಅವರ ಬ್ರಾಹ್ಮಸಮಾಜದವರು ತಮ್ಮ ರೀತಿಯ ಮದುವೆಗಳಿಗೆ ಮಾನ್ಯತೆ ಕೇಳಿದ್ದರಿಂದ 1872ರಲ್ಲಿ ಮೊದಲ ಕಾಯ್ದೆ ಬಂತು. ಅದರಡಿ ಮದುವೆಯಾಗಲು ವಧೂವರರಿಬ್ಬರೂ ತಾವು ಹಿಂದೂ, ಮುಸ್ಲಿಂ, ಕ್ರೈಸ್ತ, ಯಹೂದಿ, ಪಾರ್ಸಿ, ಬೌದ್ಧ, ಸಿಖ್, ಜೈನ ಧರ್ಮಗಳಲ್ಲಿ ಯಾವುದನ್ನೂ ಅನುಸರಿಸುವವರಲ್ಲ ಎಂದು ಘೋಷಿಸಬೇಕಿತ್ತು. ಧರ್ಮದ ಹೊರಗೆ ಮದುವೆಯಾಗಬೇಕಾದರೆ ಧರ್ಮವನ್ನೇ ಬಿಡಬೇಕು ಎಂಬುದು ಅಂದಿನ ರಾಜಿ. 1923ರ ತಿದ್ದುಪಡಿ ಹಿಂದೂ, ಬೌದ್ಧ, ಸಿಖ್, ಜೈನರಿಗೆ ಆ ಘೋಷಣೆಯಿಂದ ಬಿಡುಗಡೆ ನೀಡಿತು, ಆದರೆ ಅವಿಭಕ್ತ ಕುಟುಂಬದಿಂದ ಅವರನ್ನು ಬೇರ್ಪಡಿಸಿತು. 1954ರ ಕಾಯ್ದೆ ಧರ್ಮ ಯಾವುದೆಂದು ಕೇಳುವುದನ್ನೇ ಬಿಟ್ಟಿತು. ಶ್ರದ್ಧೆಯನ್ನೂ ಉಳಿಸಿಕೊಂಡು ಶಾಸ್ತ್ರ ಒಪ್ಪದ ಮದುವೆಯನ್ನೂ ಮಾಡಿಕೊಳ್ಳಬಹುದೇ ಎಂಬ ಪ್ರಶ್ನೆಗೆ ಈ ದೇಶ 82 ವರ್ಷಗಳ ಕಾಲ ಹಂತಹಂತವಾಗಿ ಉತ್ತರ ಬರೆಯಿತು. ಧಾರ್ಮಿಕ ವಿವಾಹ ಬೇರೆ, ಪ್ರಭುತ್ವ ದಾಖಲಿಸುವ ವಿವಾಹ ಬೇರೆ ಎಂಬ ಭೇದ ನಾವು ಪರದೇಶದಿಂದ ತರಬೇಕಾದದ್ದಲ್ಲ, ನಮ್ಮ ಶಾಸನದಲ್ಲೇ ಬೇರುಬಿಟ್ಟಿದೆ.

ಆ ಭೇದವನ್ನು ಸ್ಪಷ್ಟಪಡಿಸಿದರೆ ಶ್ರದ್ಧಾವಂತರ ನಿಜವಾದ ಭಯಕ್ಕೂ ಉತ್ತರ ಕೊಡಬಹುದು. ಇಂದು ಕಚೇರಿಯಲ್ಲಿ ಒಪ್ಪಿಸಿದವರು ನಾಳೆ ದೇವಾಲಯ, ಮಸೀದಿ, ಚರ್ಚುಗಳಲ್ಲೂ ನೆರವೇರಿಸಿ ಎಂದು ಒತ್ತಾಯಿಸುವುದಿಲ್ಲವೇ ಎಂದು ಅವರು ಕೇಳುತ್ತಾರೆ. ಇದು ಹುರುಳಿಲ್ಲದ ಪ್ರಶ್ನೆಯೆಂದು ತಳ್ಳಿಹಾಕಬೇಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2013ರ ಕಾಯ್ದೆಯು ಯಾವ ಧಾರ್ಮಿಕ ಸಂಸ್ಥೆಯೂ ತಾನಾಗಿ ಮುಂದೆ ಬರದ ಹೊರತು ಅದನ್ನು ಬಲವಂತಪಡಿಸುವಂತಿಲ್ಲ ಎಂದಿತು; ತಮ್ಮ ಚರ್ಚಿನ ವ್ಯಾಪ್ತಿ ಪ್ರದೇಶವಾದ ಪ್ಯಾರಿಷ್‌ನ ನಿವಾಸಿಗಳಿಗೆ ಮದುವೆ ಮಾಡಿಸುವ ಕರ್ತವ್ಯ ಚರ್ಚ್ ಆಫ್ ಇಂಗ್ಲೆಂಡಿನ ಪಾದ್ರಿಗಳಿಗೆ ಮೊದಲಿನಿಂದ ಇದ್ದುದರಿಂದ, ಆ ಕರ್ತವ್ಯ ಸಲಿಂಗ ಜೋಡಿಗಳಿಗೆ ವಿಸ್ತರಿಸುವುದಿಲ್ಲವೆಂದು ಪ್ರತ್ಯೇಕವಾಗಿ ಬರೆಯಿತು. ದಕ್ಷಿಣ ಆಫ್ರಿಕಾದ 2006ರ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆತ್ಮಸಾಕ್ಷಿಯ ಕಾರಣ ಕೊಟ್ಟು ಸರ್ಕಾರಿ ವಿವಾಹಾಧಿಕಾರಿಯೂ ನಿರಾಕರಿಸಬಹುದೆಂದಿತ್ತು. ಆ ಸೆಕ್ಷನ್ನನ್ನು 2020ರಲ್ಲಿ ರದ್ದುಪಡಿಸಿದರು. ಪುರೋಹಿತರ ನಿರಾಕರಣೆಗೂ ಸಂಬಳ ಪಡೆಯುವ ಅಧಿಕಾರಿಯ ನಿರಾಕರಣೆಗೂ ಇರುವ ಅಂತರವನ್ನು ಈ ಎರಡು ಉದಾಹರಣೆಗಳಿಂದ ನೀವು ವಿವರಿಸಬಲ್ಲಿರಿ. ಪುರೋಹಿತರ ಸ್ವಾತಂತ್ರ್ಯವನ್ನು ಯಾವ ಹಿಂಜರಿಕೆಯೂ ಇಲ್ಲದೆ ಒಪ್ಪಿಕೊಳ್ಳಿ. ನನ್ನ ದೃಷ್ಟಿಯಲ್ಲಿ ಅದು ರಿಯಾಯಿತಿಯಲ್ಲ, ಅವರ ಹಕ್ಕು.

ನ್ಯಾಯಾಲಯದ ಭಾಗದಲ್ಲಿ ತಪ್ಪುಗಳಿವೆ, ಇವನ್ನು ಬಿಟ್ಟುಕೊಡಲಾರೆ. ಸಲಿಂಗ ಸಂಬಂಧವನ್ನು ಅಪರಾಧಮುಕ್ತಗೊಳಿಸಿದ ತೀರ್ಪಿನ ದಿನಾಂಕ 2018ರ ಸೆಪ್ಟೆಂಬರ್ 6. ನೀವು 2014 ಎಂದಿದ್ದೀರಿ, ಅದು ತೃತೀಯ ಲಿಂಗಿಗಳ ಹಕ್ಕುಗಳ ತೀರ್ಪಿನ ವರ್ಷ. ಇನ್ನು ಸಲಿಂಗ ವಿವಾಹಕ್ಕೆ ಮಾನ್ಯತೆ ಕೇಳಿದ ಅರ್ಜಿಗಳ ಮೇಲಿನ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ‘ಧರ್ಮಗುರುಗಳಿಗೆ ಮಣಿಯಿತು’ ಎಂದು ಬರೆದಿದ್ದೀರಿ. ಮುಸ್ಲಿಂ ಧರ್ಮವಿದ್ವಾಂಸರ ಸಂಘಟನೆಯಾದ ಜಮೀಯತ್ ಉಲಮಾ-ಎ-ಹಿಂದ್‌ನಂಥ ಸಂಸ್ಥೆಗಳು ಅಲ್ಲಿ ವಿರೋಧಿಸಿ ವಾದಿಸಿದ್ದು ನಿಜ. ಆದರೆ ಆಯಾ ಧರ್ಮದವರಿಗೆ ಅನ್ವಯಿಸುವ ವೈಯಕ್ತಿಕ ಕಾನೂನುಗಳಿಗೆ ಕೈಹಾಕುವುದಿಲ್ಲವೆಂದು ಪೀಠ ಆರಂಭದಲ್ಲೇ ಹೇಳಿತ್ತು, ತೀರ್ಪು ನಿಂತದ್ದು ನಾಗರಿಕ ಕಾನೂನಿನ ತರ್ಕದ ಮೇಲೆ. ಮದುವೆಯಾಗುವುದು ಸಂವಿಧಾನದತ್ತ ಮೂಲಭೂತ ಹಕ್ಕಲ್ಲ, ವಿಶೇಷ ವಿವಾಹ ಕಾಯ್ದೆಯ ಪದಗಳನ್ನು ನ್ಯಾಯಾಲಯ ತಿದ್ದಿ ಓದಲಾಗದು, ಅದು ಶಾಸಕಾಂಗದ ಕೆಲಸ ಎಂಬುದರಲ್ಲಿ ಐವರೂ ನ್ಯಾಯಮೂರ್ತಿಗಳು ಒಂದಾಗಿದ್ದರು. ಮದುವೆಯ ಹೆಸರಿಲ್ಲದ ನಾಗರಿಕ ಒಕ್ಕೂಟದ ಹಕ್ಕು ಮತ್ತು ದತ್ತು ಸ್ವೀಕಾರದ ವಿಷಯದಲ್ಲಿ ಮಾತ್ರ ಅಭಿಪ್ರಾಯ ಮೂರಕ್ಕೆ ಎರಡಾಗಿ ಒಡೆಯಿತು. ಅವನ್ನು ಎತ್ತಿಹಿಡಿದ ಅಂದಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಕೌಲ್ ಅಲ್ಪಮತದಲ್ಲಿ ಉಳಿದರು. ಮರುಪರಿಶೀಲನಾ ಅರ್ಜಿಗಳನ್ನು 2025ರ ಜನವರಿ 9ರಂದು ವಜಾ ಮಾಡಲಾಯಿತು.

ಇಲ್ಲಿ ನಿಮ್ಮ ಪಕ್ಷಕ್ಕೆ ಎದುರಾಗುವ ನಿಜವಾಗಿ ಕಠಿಣವಾದ ವಾದ ಆ ಪೀಠದಲ್ಲಿದ್ದ ನ್ಯಾಯಮೂರ್ತಿ ರವೀಂದ್ರ ಭಟ್ ಅವರದು, ಅವರ ಹೆಸರೂ ನಿಮ್ಮ ಲೇಖನದಲ್ಲಿಲ್ಲ. ಗಂಡ, ಹೆಂಡತಿ ಎಂಬ ಪದಗಳನ್ನು ಲಿಂಗನಿರಪೇಕ್ಷವಾಗಿ ಓದಿದರೆ ಅದೇ ಪದಗಳ ಆಸರೆಯಲ್ಲಿ ಹೆಣ್ಣಿಗೆ ದೊರೆತಿರುವ ರಕ್ಷಣೆಗಳು ಸಡಿಲಗೊಳ್ಳಬಹುದೆಂದು ಅವರು ಎಚ್ಚರಿಸಿದರು. ವಿಶೇಷ ವಿವಾಹ ಕಾಯ್ದೆಯಲ್ಲಿ ಜೀವನಾಂಶ ಹೆಂಡತಿಗೆ, ಕೆಲವು ವಿಚ್ಛೇದನ ಕಾರಣಗಳು ಹೆಂಡತಿಗೆ ಮಾತ್ರ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಗಂಡಸಿನ ವಾರಸುದಾರರ ಕ್ರಮ ಬೇರೆ, ಹೆಂಗಸಿನದು ಬೇರೆ. ಇಬ್ಬರು ಹಿಂದೂಗಳು ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದರೂ 1976ರ ತಿದ್ದುಪಡಿಯಿಂದಾಗಿ ಅವರಿಗೆ ಹಿಂದೂ ಉತ್ತರಾಧಿಕಾರವೇ ಅನ್ವಯಿಸುತ್ತದೆ. ಅಂದರೆ ‘ಎರಡು ಪದ ಸೇರಿಸಿದರೆ ಸಾಕು’ ಎಂಬ ನಿಮ್ಮ ಮಾತು ನಿಲ್ಲುವುದಿಲ್ಲ. ಸುಮಾರು 160 ಕಾನೂನು ಉಪಬಂಧಗಳಿಗೆ ತೊಡಕಾಗುತ್ತದೆ ಎಂಬ ಕೇಂದ್ರ ಸರ್ಕಾರದ ವಾದಕ್ಕೆ ನನ್ನ ಉತ್ತರ, ತೊಡಕು ಹೆಚ್ಚೆಂಬುದು ಸಂಸತ್ತು ಕುಳಿತು ಬಿಡಿಸಲು ಕಾರಣವೇ ಹೊರತು ಬಿಡಿಸದಿರಲು ಅಲ್ಲ ಎಂಬುದು. ನಿಮ್ಮ ಉತ್ತರ ಬೇರೆಯಿರಬಹುದು, ಆದರೆ ಉತ್ತರವೊಂದು ಇರಲೇಬೇಕು. ವಿಶೇಷ ವಿವಾಹ ಕಾಯ್ದೆಯಡಿ ಮದುವೆಗೆ ಮುನ್ನ ಹೊರಡಿಸುವ 30 ದಿನಗಳ ಸಾರ್ವಜನಿಕ ನೋಟಿಸಿನ ಬಗ್ಗೆಯೂ ಬರೆಯಿರಿ. ಮನೆಯವರ ಬೆದರಿಕೆಗೆ ಅಂಜಿ ಊರು ಬಿಟ್ಟ ಜೋಡಿಯ ಹೆಸರು ಕಚೇರಿಯ ಗೋಡೆಯ ಮೇಲೆ ತಿಂಗಳಿಡೀ ನೇತಾಡುವುದೆಂದರೆ ಏನೆಂದು ಅಂತರ್ಜಾತಿ, ಅಂತರ್ಧರ್ಮೀಯ ದಂಪತಿಗಳು ಚೆನ್ನಾಗಿ ಬಲ್ಲರು.

ವಿದೇಶಗಳ ಪಟ್ಟಿ ಎರಡು ಪುಟ ತಿಂದಿದೆ. ಐರ್ಲೆಂಡ್ ಮತ್ತು ತೈವಾನ್ ಉಳಿಸಿ, ಉಳಿದುದನ್ನು ತೆಗೆಯಿರಿ. ಕ್ಯಾಥೋಲಿಕರೇ ಬಹುಸಂಖ್ಯಾತರಾದ ಐರ್ಲೆಂಡ್ 2015ರ ಜನಮತಗಣನೆಯಲ್ಲಿ ಶೇ 62ರಷ್ಟು ಮತಗಳಿಂದ ಒಪ್ಪಿತು. ತೈವಾನಿನಲ್ಲಿ ನ್ಯಾಯಾಲಯ 2017ರಲ್ಲಿ ಆದೇಶಿಸಿದರೂ 2018ರ ಜನಮತ ನಾಗರಿಕ ಸಂಹಿತೆಯ ತಿದ್ದುಪಡಿಗೆ ವಿರುದ್ಧವಾಗಿ ಬಂದು, 2019ರಲ್ಲಿ ಪ್ರತ್ಯೇಕ ಕಾನೂನೊಂದನ್ನು ಮಾಡಬೇಕಾಯಿತು. ಪದಗಳ ಬಗ್ಗೆಯೂ ಒಂದು ಮಾತು: ‘ಸಲಿಂಗಕಾಮಿ’ ಎಂಬ ಪದ ಇಡೀ ಬಾಳ್ವೆಯನ್ನು ಕಾಮಕ್ಕೆ ಇಳಿಸುತ್ತದೆ, ದಾಂಪತ್ಯದ ಕುರಿತ ಲೇಖನದಲ್ಲಿ ಅದು ನಿಮ್ಮ ವಾದವನ್ನೇ ಕೆಡಿಸುತ್ತದೆ. ‘ಸಲಿಂಗ ಸಂಗಾತಿಗಳು’ ಎನ್ನಿ.

ಕೊನೆಯ ಪುಟದಲ್ಲಿ ಬರುವ ಕಲ್ಯಾಣದ ಶರಣರ ಪ್ರಸ್ತಾಪ ನನ್ನನ್ನು ಬಹಳ ಹೊತ್ತು ಹಿಡಿದಿಟ್ಟಿತು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಮದುವೆಯಾದುದಕ್ಕೆ ಬಿಜ್ಜಳನ ಆಳ್ವಿಕೆ ಆ ತಂದೆಯರಿಬ್ಬರಿಗೂ ಘೋರ ಶಿಕ್ಷೆ ವಿಧಿಸಿತೆಂದು ಪರಂಪರೆ ಹೇಳುತ್ತದೆ. ಈ ಹೋಲಿಕೆ ಎಷ್ಟು ದೂರ ಬರುತ್ತದೆಂದು ಅಳೆಯಿರಿ: ಅಲ್ಲಿದ್ದವರು ಗಂಡು ಮತ್ತು ಹೆಣ್ಣೇ ಎಂದು ಎದುರಿನವರು ಹೇಳಿದರೆ ಅದು ಸರಿಯಾದ ಮಾತೇ. ಒಂದು ಕಾಲ ಧರ್ಮಬಾಹಿರವೆಂದು ಕೂಗಿದ್ದು ಅಷ್ಟರಿಂದಲೇ ಅಧರ್ಮವಾಗುವುದಿಲ್ಲ ಎಂಬಷ್ಟನ್ನು ಮಾತ್ರ ಇದು ಸಾಬೀತುಪಡಿಸುತ್ತದೆ. ಆದರೆ ನೀವು ಕಾಣದೆ ಬಿಟ್ಟದ್ದು ಇನ್ನೊಂದಿದೆ. ಆ ಇಬ್ಬರು ತಂದೆಯರೂ ಶರಣರು. ಅವರು ಧರ್ಮವನ್ನು ತೊರೆದು ಆ ಸಂಬಂಧ ಬೆಳೆಸಲಿಲ್ಲ, ತಮ್ಮ ಧರ್ಮ ಇದನ್ನೇ ಹೇಳುತ್ತದೆಂದು ನಂಬಿ ಬೆಳೆಸಿದರು. ಮೊದಲ ಪುಟದಲ್ಲಿ ಧರ್ಮಗಳೆಲ್ಲವೂ ಪ್ರೀತಿಯ ವೈರಿಗಳೆಂದು ಬರೆದ ನೀವು ಕೊನೆಯ ಪುಟದಲ್ಲಿ ಇವರನ್ನು ಸಾಕ್ಷಿಗೆ ಕರೆಯುವಂತಿಲ್ಲ. ಎರಡರಲ್ಲಿ ಒಂದನ್ನು ಬಿಡಬೇಕು, ಬಿಡಬೇಕಾದದ್ದು ಮೊದಲ ಪುಟದ ಆ ವಾಕ್ಯ.

ಆರನೆಯ ಪುಟದ ಆಸ್ಪತ್ರೆಯ ಪ್ರಸಂಗವನ್ನು ಮಾತ್ರ ಮುಟ್ಟಬೇಡಿ. ಇಪ್ಪತ್ತು ವರ್ಷ ಒಟ್ಟಿಗೆ ಬಾಳಿದ ಇಬ್ಬರು ಹೆಂಗಸರಲ್ಲಿ ಒಬ್ಬರು ತೀವ್ರ ನಿಗಾ ಘಟಕದ ಹೊರಗೆ ಬೆಂಚಿನ ಮೇಲೆ ಕುಳಿತಿರುವಾಗ, ವರ್ಷಗಳಿಂದ ಮುಖ ತೋರಿಸದ ಅಣ್ಣನನ್ನು ಕರೆಸಿ ಒಪ್ಪಿಗೆಪತ್ರಕ್ಕೆ ಸಹಿ ಹಾಕಿಸಿದ್ದನ್ನು ಒಂದೇ ಒಂದು ವಿಶೇಷಣವಿಲ್ಲದೆ ಬರೆದಿದ್ದೀರಿ. ನಾಗರಿಕ ವಿವಾಹ ಯಾವುದಕ್ಕೆ ಬೇಕು ಎಂಬ ಪ್ರಶ್ನೆಗೆ ಅದು ಉತ್ತರ. ಲೇಖನವನ್ನು ಅಲ್ಲಿಂದಲೇ ಆರಂಭಿಸಿ, ಧರ್ಮದ ಚರ್ಚೆಯನ್ನು ಅದರ ಬೆನ್ನಿಗೆ ತನ್ನಿ. ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮನಿರ್ದೇಶನ ಮಾಡಲು ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದ್ದನ್ನು ಅದರ ಪಕ್ಕದಲ್ಲಿಟ್ಟರೆ, ಸುತ್ತೋಲೆಯಿಂದ ಎಷ್ಟು ದೊರೆಯುತ್ತದೆ, ಎಷ್ಟು ದೊರೆಯುವುದಿಲ್ಲ ಎಂಬುದು ಓದುಗರಿಗೆ ತಾನಾಗಿ ಕಾಣುತ್ತದೆ. ತಿದ್ದಿದ ಪ್ರತಿಯನ್ನು ಎಂಟು ಪುಟ ಮೀರದಂತೆ ಕಳುಹಿಸಿ. ಅದರೊಂದಿಗೆ, ಬೆಂಚಿನ ಮೇಲೆ ಕುಳಿತಿದ್ದ ಆ ಮಹಿಳೆಯ ಅನುಮತಿ ಪಡೆದಿದ್ದೀರಾ ಎಂಬುದನ್ನೂ ತಿಳಿಸಿ. ಪಡೆದಿರದಿದ್ದರೆ ಮೊದಲು ಅವರನ್ನು ಕಂಡು ಆ ಪುಟವನ್ನು ಓದಿ ಹೇಳಿ. ಅವರು ಬೇಡವೆಂದರೆ ನಾನು ಅದನ್ನು ಅಚ್ಚು ಮಾಡುವುದಿಲ್ಲ.

ವಿಶ್ವಾಸದಿಂದ,
ಸಂಪಾದಕ