ಬೇಲಿ ಕಿತ್ತ ಮೇಲೆ ಚಿರತೆ ಯಾರದ್ದು?

ಪ್ರಶ್ನೆ: ಮಗಳು ಜೋಹಾನ್ಸ್‌ಬರ್ಗ್‌ನಲ್ಲಿದ್ದಾಳೆ, ಡಿಸೆಂಬರ್‌ಗೆ ನಾವಿಬ್ರೂ ಹೊರಟಿದೀವಿ. ಕ್ರೂಗರ್ ನ್ಯಾಷನಲ್ ಪಾರ್ಕ್ ನೋಡೋಣ ಅಂದ್ರೆ ಅಳಿಯಂದಿರು ಅದರ ಪಕ್ಕದ ಪ್ರೈವೇಟ್ ಕಾಡಿಗೆ ಹೋಗಿ ಅಂತಾರೆ, ರೇಟ್ ಕೇಳಿದ್ರೆ ತಲೆ ತಿರುಗುತ್ತೆ. ಕಾಡು ಅಂದ್ರೆ ಸರ್ಕಾರದ್ದು ಅಂತ ತಿಳ್ಕೊಂಡೋರು ನಾವು. ಇದೇನು ಪ್ರಾಣಿ ಕೂಡಿ ಹಾಕಿರೋ ದೊಡ್ಡ ಝೂನಾ?
- ಓದುಗರೊಬ್ಬರು, ಹುಣಸೂರು

ಉತ್ತರ: ಝೂ ಅಲ್ಲ ಸಾರ್. ಕ್ರೂಗರ್‌ನ ಪಶ್ಚಿಮದ ಅಂಚಿಗೆ ಸಾಬಿ ಸ್ಯಾಂಡ್, ತಿಂಬಾವಾಟಿ, ಕ್ಲಾಸೆರಿ ಅಂತ ಖಾಸಗಿ ಜಮೀನುಗಳಿವೆ, ಅಕ್ಕಪಕ್ಕದ ಮಾಲೀಕರು ಸೇರಿ ಸಂಘ ಮಾಡ್ಕೊಂಡು ಕಾಡಾಗೇ ಉಳಿಸಿಕೊಂಡಿರೋದು. ಸಾಬಿ ಸ್ಯಾಂಡ್ ಸಂಘ 1948ರದ್ದು, ಸುಮಾರು 65,000 ಹೆಕ್ಟೇರ್. 1961ರ ಹೊತ್ತಿಗೆ ಇವಕ್ಕೂ ಪಾರ್ಕಿಗೂ ಮಧ್ಯೆ ಬೇಲಿ ಬಿತ್ತು, ಕಾರಣ ನಮ್ಮ ರೈತರಿಗೂ ಗೊತ್ತಿರೋದೇ, ಕಾಲುಬಾಯಿ ಜ್ವರ, ಕಾಡೆಮ್ಮೆಯಿಂದ ದನಕ್ಕೆ ಹತ್ತುತ್ತೆ ಅಂತ. ಆದ್ರೆ ನೀರು ಮೇವು ಹುಡುಕ್ಕೊಂಡು ಆಚೀಚೆ ಓಡಾಡ್ತಿದ್ದ ವೈಲ್ಡ್‌ಬೀಸ್ಟ್ (ದನದ ಹಾಗೆ ಕಾಣೋ ಹುಲ್ಲೆ) ಹಿಂಡುಗಳಿಗೆ ದಾರಿ ಕಟ್ಟಾಗಿ ಅವು ಸೊರಗಿಹೋದ್ವು. ಕೊನೆಗೆ 1993ರಲ್ಲಿ ಮಧ್ಯದ ಬೇಲಿ ಕಿತ್ತರು, ಈಗ ಬೇಲಿ ಇರೋದು ಹೊರಗೆ, ಊರುಗಳ ಕಡೆಗೆ.

ದಕ್ಷಿಣ ಆಫ್ರಿಕಾದಲ್ಲಿ 1991ರ ಕಾನೂನೊಂದಿದೆ, ಸರಿಯಾದ ಬೇಲಿ ಇರೋ ಜಮೀನಿನ ಕಾಡುಪ್ರಾಣಿ ಜಮೀನಿನವನ ಸ್ವತ್ತು! ನಮ್ಮಲ್ಲಿ ಊಹಿಸೋಕೂ ಆಗಲ್ಲ. ಆದ್ರೆ ಕ್ರೂಗರ್ ಪಕ್ಕದಲ್ಲಿ ಮಧ್ಯೆ ಬೇಲಿಯೇ ಇಲ್ಲ, ಬೆಳಿಗ್ಗೆ ಪಾರ್ಕಲ್ಲಿದ್ದ ಚಿರತೆ ಸಂಜೆ ಲಾಡ್ಜಿನ ಮುಂದೆ, ಅದಕ್ಕೆ ಸರ್ವೇ ನಂಬರ್ ಗೊತ್ತಿಲ್ವಲ್ಲ.

ದುಡ್ಡು ಯಾಕೆ ಅಂದ್ರೆ, ಪಾರ್ಕಲ್ಲಿ ನಿಮ್ಮದೇ ಕಾರು, ರಸ್ತೆ ಬಿಡೋಹಾಗಿಲ್ಲ, ಕತ್ತಲಾಗೋದ್ರೊಳಗೆ ಕ್ಯಾಂಪ್ ಸೇರಬೇಕು, ಸಿಂಹ ಕಂಡ್ರೆ ಕಾರುಗಳ ಜಾತ್ರೆ. ಖಾಸಗಿಯಲ್ಲಿ ತೆರೆದ ಜೀಪು, ಬಾನೆಟ್ ಮುಂದಿನ ಸೀಟಲ್ಲಿ ಕೂತ ಟ್ರ್ಯಾಕರ್ ಹೆಜ್ಜೆ ಗುರುತು ನೋಡ್ತಾ ಪೊದೆ ಒಳಗೇ ನುಗ್ಗಿಸ್ತಾರೆ, ರಾತ್ರೀನೂ ಸಫಾರಿ ಇರುತ್ತೆ, ಒಂದು ಪ್ರಾಣಿ ಹತ್ರ ಎರಡು ಮೂರೇ ಜೀಪು.

ನಂಗೆ ಹಿಡಿಸದೇ ಇರೋದು ಒಂದಿದೆ. ತಿಂಬಾವಾಟಿ, ಕ್ಲಾಸೆರಿಯಲ್ಲಿ ಕೋಟಾ ಲೆಕ್ಕದಲ್ಲಿ ಟ್ರೋಫಿ ಬೇಟೆಗೂ, ಅಂದ್ರೆ ದುಡ್ಡು ಕೊಟ್ಟು ಪ್ರಾಣಿ ಹೊಡೆದು ತಲೆ, ಕೊಂಬು ಒಯ್ಯೋದಕ್ಕೂ ಅವಕಾಶ ಇದೆ. ಆ ದುಡ್ಡಿಂದಲೇ ಕಾವಲು ನಡೆಯೋದು ಅಂತಾರೆ, ಇರಬಹುದು, ಆದ್ರೂ ಪಾರ್ಕಿಂದ ನಡ್ಕೊಂಡು ಬಂದ ಪ್ರಾಣೀನ ಇಲ್ಲಿ ಹೊಡೆಯೋದು ಯಾವ ನ್ಯಾಯ?

ಇನ್ನೊಂದು ವಿಷಯ, ಹುಣಸೂರಿನೋರಾದ ನಿಮಗೇ ಹೇಳಬೇಕು. ಸಾಬಿ ಸ್ಯಾಂಡ್ ಒಳಗಿನ ಮಾಲಾಮಾಲಾ ಅನ್ನೋ 13,000 ಹೆಕ್ಟೇರ್‌ಗಿಂತ ದೊಡ್ಡ ಜಾಗಾನ 2013ರಲ್ಲಿ ಸರ್ಕಾರ ಸುಮಾರು ನೂರು ಕೋಟಿ ರ‍್ಯಾಂಡ್ (ಅಲ್ಲಿನ ನಾಣ್ಯ) ಕೊಟ್ಟು ಕೊಂಡು, ಹಿಂದೆ ಆ ನೆಲ ಕಳ್ಕೊಂಡಿದ್ದ ನ್ವಾಂಡ್ಲಮಾರಿ ಸಮುದಾಯಕ್ಕೆ ವಾಪಸ್ ಕೊಡ್ತು, ಲಾಡ್ಜೂ ನಡೀತಿದೆ. ನಾಗರಹೊಳೆ ಕಾಡು ಬಿಟ್ಟು ಬಂದು ನಿಮ್ಮ ನಾಗಾಪುರದಲ್ಲಿ ಕೂತಿರೋ ಜೇನುಕುರುಬರಿಗೆ ಇದನ್ನ ಹೇಳಿ, ಏನಂತಾರೋ ಕೇಳಿ ನೋಡಿ.

ನೀವು ಮೂರು ದಿನ ಪಾರ್ಕಲ್ಲೇ ಅಳಿಯಂದಿರ ಕಾರಲ್ಲಿ ಸುತ್ತಿ, ದುಡ್ಡು ಮಿಕ್ಕಿದ್ರೆ ಒಂದು ರಾತ್ರಿ ಖಾಸಗಿಯಲ್ಲಿರಿ. ಡಿಸೆಂಬರ್ ಅಲ್ಲಿ ಮಳೆಗಾಲ, ಹುಲ್ಲು ಎತ್ತರ ಇರುತ್ತೆ, ಪ್ರಾಣಿ ಕಾಣೋದು ಕಷ್ಟ, ಆದ್ರೆ ಜಿಂಕೆಯಂಥ ಇಂಪಾಲಾದ ಮರಿಗಳು ಸಿಗ್ತವೆ. ಮಲೇರಿಯಾ ಇರೋ ಜಾಗ, ಹೊರಡೋ ಮುಂಚೆ ಡಾಕ್ಟರ್ ಹತ್ರ ಮಾತ್ರೆ ಕೇಳೋದು ಮರೀಬೇಡಿ.