ಪೇಟೆ ಕೆಲಸದ ದಿನ ಪ್ರಾರ್ಥನೆಗೂ ಬಿಡುವಿಲ್ಲ, ಏನು ಮಾಡಲಿ ಅಕ್ಕಾ?

ಪ್ರಶ್ನೆ: ಅಕ್ಕಾ, ಕರ್ತನ ಹೆಸರಿನಲ್ಲಿ ವಂದನೆ. ನಮ್ಮದು ಹಳ್ಳಿಯಿಂದಲೂ ಒಳಗಿರುವ ಒಂಟಿ ಮನೆ. ನಾನು, ಯಜಮಾನರು, ಅತ್ತೆ, ಮೂರು ಮಕ್ಕಳು. ಪೇಟೆ ದೂರ. ಅದಕ್ಕೆ ಎಲ್ಲ ಕೆಲಸ ಕೂಡಿಟ್ಟುಕೊಂಡು ಒಂದು ಶನಿವಾರ ಹೊರಡುತ್ತೇವೆ. ಬ್ಯಾಂಕು, ಅತ್ತೆಗೆ ಕಣ್ಣಿನ ಡಾಕ್ಟರು, ಕೋಳಿಗಳಿಗೆ ಲಸಿಕೆ, ಪಂಪ್ ರಿಪೇರಿ, ಮಕ್ಕಳ ಶೂ, ಮನೆ ಸಾಮಾನು. ಜೊತೆಗೆ ಅಕ್ಕಪಕ್ಕದವರು, ಸಭೆಯವರು “ಹೇಗೂ ಹೋಗ್ತೀರಲ್ಲ” ಅಂತ ಒಂದೊಂದು ಕೆಲಸ ಹೇಳುತ್ತಾರೆ. ನಸುಕಿನಲ್ಲಿ ಹೊರಟರೆ ಮನೆ ಸೇರುವುದು ರಾತ್ರಿ. ಆ ದಿನ ಕುಟುಂಬ ಪ್ರಾರ್ಥನೆ ತಪ್ಪಿಯೇ ಹೋಗುತ್ತದೆ. ಮಕ್ಕಳ ಜಗಳ, ನಮ್ಮಿಬ್ಬರ ಸಿಡುಕು. ಮರುದಿನ ಆರಾಧನೆಯಲ್ಲಿ ತೂಕಡಿಕೆ. ನಾನು ಮಾರ್ಥಳ ಹಾಗೆ ಆಗಿಬಿಟ್ಟೆನಲ್ಲ ಎಂದು ಅಳು ಬರುತ್ತದೆ.
— ಹೆಸರು ಬೇಡ ಎಂದ ಓದುಗರು

ಉತ್ತರ: ತಂಗಿ, ಮೊದಲು ಮಾರ್ಥಳ ಮಾತು. ಕೆಲಸ ಮಾಡುವ ಹೆಂಗಸರ ಮೇಲೆ ಈ ಹೆಸರನ್ನು ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. ಲೂಕನ ಸುವಾರ್ತೆಯ 10ನೇ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ಯೇಸು ಮನೆಗೆ ಬಂದಾಗ ತಂಗಿ ಮರಿಯಳು ಅವರ ಪಾದದ ಬಳಿ ಕೂತು ಮಾತು ಕೇಳುತ್ತಿದ್ದಳು, ಮಾರ್ಥಳು ಉಪಚಾರದ ಕೆಲಸದಲ್ಲೇ ಮುಳುಗಿದ್ದಳು. ಆದರೂ ಯೇಸು ಅವಳ ಕೆಲಸವನ್ನು ಬೈಯಲಿಲ್ಲ. ಅನೇಕ ವಿಷಯಗಳಿಗೆ ಚಿಂತೆ, ಗಲಿಬಿಲಿ ಮಾಡಿಕೊಂಡಿದ್ದೀ ಅಂದರು, ಅಷ್ಟೇ. ಮುಂದೆ ಯೋಹಾನನ ಸುವಾರ್ತೆಗೆ ಬನ್ನಿ. 11ನೇ ಅಧ್ಯಾಯದಲ್ಲಿ ತಮ್ಮ ಸತ್ತ ದುಃಖದಲ್ಲೂ ಎದ್ದು ಹೋಗಿ ಯೇಸುವನ್ನು ಎದುರುಗೊಂಡವಳು ಮಾರ್ಥಳೇ. ನೀನೇ ಕ್ರಿಸ್ತನು ಎಂದು ಬಾಯಿಬಿಟ್ಟು ಹೇಳಿದವಳೂ ಅವಳೇ. 12ನೇ ಅಧ್ಯಾಯದ ಊಟದಲ್ಲಿ ಅವಳು ಮತ್ತೆ ಬಡಿಸುತ್ತಿದ್ದಾಳೆ! ಅಲ್ಲಿ ಯಾರೂ ಅವಳಿಗೆ ಒಂದು ಮಾತು ಅನ್ನುವುದಿಲ್ಲ. ಅದೇ ಕೈ, ಅದೇ ಕೆಲಸ. ಮಾರ್ಥಳ ಹಾಗೆ ಆದರೆ ಅಳುವಂಥದ್ದೇನಿದೆ ಹೇಳಿ?

ಹಾಗಾಗಿ ಕೆಲಸ ಕಡಿಮೆ ಮಾಡಿ ಎಂದು ನಾನು ಹೇಳುವುದಿಲ್ಲ. ದೂರದ ಮನೆಯವರಿಗೆ ಅದು ಆಗದ ಮಾತು. ಆದರೆ ನಿಮ್ಮ ಪತ್ರದಲ್ಲಿ ಒಂದು ವಿಷಯ ಕಂಡಿತು. ಬ್ಯಾಂಕಿನಿಂದ ಶೂವರೆಗೆ ಎಲ್ಲವೂ ನಿಮ್ಮೊಬ್ಬರ ತಲೆಯಲ್ಲೇ ಇದೆ. ಯಜಮಾನರು ಗಾಡಿ ಓಡಿಸುತ್ತಾರೆ, “ಮುಂದೆ ಎಲ್ಲಿಗೆ?” ಅಂತ ನಿಮ್ಮನ್ನೇ ಕೇಳುತ್ತಾರೆ, ಅಲ್ವಾ? ಸುಸ್ತು ಬರುವುದು ಅಲ್ಲಿಂದ. ವಿಮೋಚನಕಾಂಡದ 18ನೇ ಅಧ್ಯಾಯದಲ್ಲಿ ಮೋಶೆಗೂ ಹೀಗೇ ಆಗಿತ್ತು. ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬನೇ ಕೂತು ಎಲ್ಲರ ನ್ಯಾಯ ಬಗೆಹರಿಸುತ್ತಿದ್ದ. ಮಾವ ಇತ್ರೋ ನೋಡಿ, ಇದು ಸರಿಯಲ್ಲ, ನೀನೂ ದಣಿಯುತ್ತೀ, ಜನರೂ ದಣಿಯುತ್ತಾರೆ ಅಂದ. ನಂಬುವಂಥ ಜನರಿಗೆ ಹಂಚಿಕೊಡು ಅಂದ.

ನೀವೂ ಹಂಚಿ. ಹಿಂದಿನ ರಾತ್ರಿ ಎಲ್ಲರೂ ಕೂತು ಕೆಲಸಗಳನ್ನು ಜೋರಾಗಿ ಓದಿ. ಪಂಪಿನ ಕೆಲಸ ಪೂರ್ತಿ ಯಜಮಾನರದು: ಹಳೇ ಬಿಡಿಭಾಗ ಗಾಡಿಗೆ ಹಾಕುವುದರಿಂದ ಹಿಡಿದು ರಸೀದಿ ಇಟ್ಟುಕೊಳ್ಳುವವರೆಗೆ. ದೊಡ್ಡ ಮಗುವಿಗೆ ಲಸಿಕೆಯ ಡಬ್ಬಿಯ ಜವಾಬ್ದಾರಿ. ನಮ್ಮ ಮನೆಯಲ್ಲಿ ಎರಡನೇ ಮಗಳು ಕಾಗದಪತ್ರದ ಚೀಲ ಹಿಡಿಯುತ್ತಿದ್ದಳು. ಬ್ಯಾಂಕಿನಲ್ಲಿ ನಾನು ಕೇಳುವ ಮೊದಲೇ ಪಾಸ್‌ಬುಕ್ ತೆಗೆದು ಕೊಡುತ್ತಿದ್ದಳು. ಜವಾಬ್ದಾರಿ ಇರುವ ಮಗು ಜಗಳಕ್ಕೆ ನಿಲ್ಲುವುದು ಕಡಿಮೆ. ಇದು ನಾನು ಕಣ್ಣಾರೆ ಕಂಡದ್ದು.

ಯಾವ ಕೆಲಸ ಮೊದಲು ಅಂತ ಜಾಸ್ತಿ ಲೆಕ್ಕ ಹಾಕಬೇಡಿ. 8 ಕಡೆ ಹೋಗಬೇಕಿದ್ದರೆ 40,320 ರೀತಿಯಲ್ಲಿ ಹೋಗಬಹುದು, ಎಲ್ಲಕ್ಕಿಂತ ಒಳ್ಳೆಯ ದಾರಿ ಹುಡುಕುತ್ತಾ ಕೂತರೆ ಹೊರಡುವುದೇ ಇಲ್ಲ. ಬಾಗಿಲು ಬೇಗ ಮುಚ್ಚುವ ಕಡೆ ಮೊದಲು, ಕೆಡುವ ಸಾಮಾನು ಕೊನೆಗೆ. ಕೋಳಿ ಲಸಿಕೆಯನ್ನು ಸಾಮಾನ್ಯವಾಗಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಅದಕ್ಕೆ ಪೇಟೆಯಿಂದ ಮನೆಗೆ ಹೊರಡುವ ಮುಂಚೆ ಕೊಳ್ಳಿ, ಆದರೆ ಮಂಜುಗಡ್ಡೆಗೆ ನೇರವಾಗಿ ತಾಗಿಸಬೇಡಿ, ನಡುವೆ ಒಂದು ಬಟ್ಟೆ ಇರಲಿ. ಬಿಸಿಲಿನ ಹಾಗೆಯೇ ಹೆಪ್ಪುಗಟ್ಟಿದರೂ ಎಷ್ಟೋ ಲಸಿಕೆಗಳು ಕೆಡುತ್ತವೆ.

ಅತ್ತೆಯ ಕಣ್ಣಿನ ಡಾಕ್ಟರ ಹತ್ತಿರ ಮಧ್ಯಾಹ್ನದ ಮೇಲಿನ ಸಮಯ ಕೇಳಿ. ಪಾಪೆ ಹಿಗ್ಗಲು ಡ್ರಾಪ್ಸ್ ಹಾಕಿದರೆ ಕೆಲವು ಗಂಟೆ ಕಣ್ಣು ಮಂಜು, ಬೆಳಕು ಚುಚ್ಚುತ್ತದೆ. ಬೆಳಿಗ್ಗೆಯೇ ಹಾಕಿಸಿಕೊಂಡು ಆಮೇಲೆ ದಿನವಿಡೀ ಮೆಟ್ಟಿಲು, ಬಿಸಿಲು ಅಂತ ಅಲೆಯುವುದು ವಯಸ್ಸಾದವರಿಗೆ ದೊಡ್ಡ ಕಷ್ಟ. ಡ್ರಾಪ್ಸ್ ಆದ ಮೇಲೆ ಸೀದಾ ಮನೆ ದಾರಿ ಹಿಡಿಯುವಂತಿರಲಿ. ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ: “ಐದೇ ನಿಮಿಷ” ಅಂತ ಮಕ್ಕಳನ್ನು ಮುಚ್ಚಿದ ಗಾಡಿಯಲ್ಲಿ ಬಿಟ್ಟು ಹೋಗಬೇಡಿ. ಬಿಸಿಲಲ್ಲಿ ನಿಂತ ಗಾಡಿಯ ಒಳಗೆ 10 ನಿಮಿಷದಲ್ಲಿ 10 ಡಿಗ್ರಿಯಷ್ಟು ಶಾಖ ಏರಬಹುದು.

ಬೇರೆಯವರ ಕೆಲಸಗಳ ಬಗ್ಗೆ ನನ್ನ ಅಭಿಪ್ರಾಯ ಖಡಕ್. ಹಾಸಿಗೆ ಹಿಡಿದವರ ಔಷಧಿ ಆದರೆ ಯಾವ ಹೊತ್ತಿನಲ್ಲಿ ಹೇಳಿದರೂ ತನ್ನಿ. ಉಳಿದದ್ದು ಹಿಂದಿನ ದಿನವೇ ಚೀಟಿಯಲ್ಲಿ ಬರೆದು, ದುಡ್ಡಿನ ಜೊತೆ ನಿಮ್ಮ ಕೈಗೆ ಬಂದಿರಬೇಕು, ಅದೂ ನೀವು ಹೇಗೂ ಹೋಗುವ ಅಂಗಡಿಯದಾಗಿರಬೇಕು. ಇಲ್ಲದಿದ್ದರೆ “ಈ ಸಲ ಆಗಲ್ಲ” ಅನ್ನಿ. ನಗುತ್ತಲೇ ಹೇಳಿ, ಆದರೆ ಹೇಳಿ. ಒಲ್ಲದ ಮನಸ್ಸಿನಿಂದ ಹೊತ್ತು ತಂದ ಚೀಲಕ್ಕಿಂತ ಪ್ರೀತಿಯಿಂದ ಹೇಳಿದ “ಇಲ್ಲ” ನೆರೆಹೊರೆಯನ್ನು ಚೆನ್ನಾಗಿ ಇಡುತ್ತದೆ.

ಪ್ರಾರ್ಥನೆ ತಪ್ಪುತ್ತದೆ ಅಂದಿರಿ. ರಾಜ ಅರ್ತಷಸ್ತನು “ನಿನಗೇನು ಬೇಕು?” ಎಂದು ಕೇಳಿದಾಗ, ಅವನಿಗೆ ಪಾನ ಕೊಡುವ ಸೇವಕನಾಗಿದ್ದ ನೆಹೆಮೀಯ ಬಾಯಿ ತೆರೆಯುವ ಮುಂಚೆ ದೇವರನ್ನು ಬೇಡಿಕೊಂಡ. ರಾಜನ ಮುಂದೆ ನಿಂತು ಎಷ್ಟು ಹೊತ್ತು ಬೇಡಿಕೊಂಡಾನು? ಒಂದು ಉಸಿರಿನಷ್ಟು. ಅದೂ ಪ್ರಾರ್ಥನೆಯೇ. ಆದರೆ ಅದೇ ನೆಹೆಮೀಯ ಅದಕ್ಕೂ ಮುಂಚೆ ಎಷ್ಟೋ ದಿನ ಉಪವಾಸವಿದ್ದು ಪ್ರಾರ್ಥಿಸಿದ್ದ. ಹಾಗಾಗಿ ಉಳಿದ ದಿನಗಳ ಕುಟುಂಬ ಪ್ರಾರ್ಥನೆಯನ್ನು ಗಟ್ಟಿಯಾಗಿ ಹಿಡಿಯಿರಿ. ಪೇಟೆಯ ದಿನ ಗಾಡಿ ಹತ್ತಿದ ಮೇಲೆ ಒಂದು ಕೀರ್ತನೆ ಸಾಕು. ಬಾಯಿಪಾಠ ಇರುವವರು ಹೇಳಲಿ, ಉಳಿದವರು ಆಮೆನ್ ಅನ್ನಲಿ. ಅತ್ತೆಯವರಿಗೆ ಈ ಕೆಲಸ ಕೊಡಿ, ತುಂಬಾ ಖುಷಿಪಡುತ್ತಾರೆ.

ಕೊನೆಗೆ ಶನಿವಾರದ ಮಾತು. ಉಳಿದ ದಿನ ಮಕ್ಕಳಿಗೆ ಶಾಲೆ ಇರುತ್ತದೆ ಅಂತ ತಾನೇ ಶನಿವಾರ ಹೋಗುವುದು? ಒಂದೊಂದು ಸಲ ಒಂದೊಂದು ಮಗುವನ್ನು ಮಾತ್ರ ಕರೆದುಕೊಂಡು ವಾರದ ಮಧ್ಯೆ ಹೋಗಲು ಆಗುತ್ತದಾ ನೋಡಿ. ಆಗದಿದ್ದರೆ ಕತ್ತಲಾಗುವ ಮುಂಚೆ ಹಿಂತಿರುಗುವ ಹೊತ್ತನ್ನು ಮೊದಲೇ ಗೊತ್ತು ಮಾಡಿ, ಉಳಿದ ಕೆಲಸ ಬಿಟ್ಟು ಬನ್ನಿ. ಸತತ 17 ಗಂಟೆ ಎಚ್ಚರ ಇದ್ದವರ ಕೈ, ಕಣ್ಣು ಸ್ವಲ್ಪ ಕುಡಿದವರ ಹಾಗೆಯೇ ನಿಧಾನವಾಗುತ್ತವೆ ಎಂದು ಪರೀಕ್ಷೆ ಮಾಡಿ ನೋಡಿದ್ದಾರೆ. ಬೆಳಿಗ್ಗೆ 4ಕ್ಕೆ ಎದ್ದ ಯಜಮಾನರು ರಾತ್ರಿ 9ಕ್ಕೂ ಗಾಡಿ ಓಡಿಸುತ್ತಿದ್ದರೆ ಸರಿಯಾಗಿ ಅಷ್ಟೇ ಹೊತ್ತು ಆಗುತ್ತದೆ. ಶೂ ಮುಂದಿನ ಸಲ ತಂದರಾಯಿತು. ಮನೆಗೆ ಬಂದ ಮೇಲೆ ಕೆಡುವ ಸಾಮಾನು ಮಾತ್ರ ಇಳಿಸಿ, ಉಳಿದದ್ದು ಗಾಡಿಯಲ್ಲೇ ಇರಲಿ. ಜನ ಬರುತ್ತಾ ಹೋಗುತ್ತಾ ಊಟಕ್ಕೂ ಬಿಡುವಿಲ್ಲದಾಗ ಶಿಷ್ಯರನ್ನು ಸ್ವಲ್ಪ ದಣಿವಾರಿಸಿಕೊಳ್ಳಿ ಎಂದು ಕರೆದವರು ಯೇಸು. ಮಾರ್ಕನ 6ನೇ ಅಧ್ಯಾಯದಲ್ಲಿದೆ, ಯಜಮಾನರಿಗೂ ತೋರಿಸಿ.

ಪ್ರಶ್ನೆ: ಅಕ್ಕಾ, ಭಾನುವಾರ ಆರಾಧನೆಗೆ ಹೇಗೂ ಪೇಟೆಗೆ ಹೋಗುತ್ತೇವೆ. ಅವತ್ತೇ ಸಾಮಾನು ತಂದರೆ ತಪ್ಪಾ?
— ಇನ್ನೊಬ್ಬ ಓದುಗರು

ಉತ್ತರ: ಇದರಲ್ಲಿ ಸಭೆಗಳ ನಡುವೆಯೇ ಬೇರೆ ಬೇರೆ ನಂಬಿಕೆ ಇದೆ, ನಿಮ್ಮ ಸಭಾಪಾಲಕರನ್ನೂ ಕೇಳಿ. ಕ್ರಿ.ಶ. 321ರಲ್ಲಿ ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಭಾನುವಾರದ ರಜೆಯ ಕಾನೂನು ತಂದಾಗ ಪೇಟೆಯವರಿಗೆ ವಿಶ್ರಾಂತಿ ಕಡ್ಡಾಯ ಮಾಡಿದ. ಹೊಲದ ಕೆಲಸದವರು ಮಾತ್ರ ಅವತ್ತೂ ಕೆಲಸ ಮಾಡಬಹುದು ಅಂದ. ಬಿತ್ತುವ ಹದ ತಪ್ಪಿದರೆ ಮತ್ತೆ ಸಿಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಸಬ್ಬತ್ ಎಂಬ ವಿಶ್ರಾಂತಿಯ ದಿನ ಬಾವಿಗೆ ಬಿದ್ದ ಎತ್ತನ್ನು ಮೇಲೆತ್ತದೆ ಇರುತ್ತೀರಾ ಎಂದು ಯೇಸುವೂ ಕೇಳಿದ್ದಾರೆ.

ಔಷಧಿ, ಹಸುವಿನ ಮೇವು, ತುರ್ತಿನ ಸಾಮಾನು ತನ್ನಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಉದ್ದದ ಪಟ್ಟಿ ಮಾತ್ರ ಬೇಡ. ಆರಾಧನೆ ಮುಗಿಯುವ ಮುಂಚೆ ನೀವು ಗಡಿಯಾರ ನೋಡಲು ಶುರು ಮಾಡಿದರೆ ಮಕ್ಕಳೂ ನೋಡುತ್ತಾರೆ. ಧರ್ಮೋಪದೇಶಕಾಂಡದ ಆಜ್ಞೆಯಲ್ಲಿ ಆಳುಗಳಿಗೂ ಎತ್ತಿಗೂ ಕತ್ತೆಗೂ ವಿಶ್ರಾಂತಿ ಹೇಳಿದೆ. ಅಂಗಡಿಯಲ್ಲಿ ನಿಂತು ತೂಗಿಕೊಡುವ ಹುಡುಗಿಯನ್ನೂ ಅದರಲ್ಲಿ ಸೇರಿಸಿಕೊಳ್ಳಿ.