ಹೆಸರಘಟ್ಟ ಕೆರೆಯ ನೀರಿನ ಅಂಚಿನವರೆಗೂ ಕಾರು ಹೋಗುತ್ತದೆಯೇ?

ಹಕ್ಕಿ ನೋಡಲು ಹೋಗುತ್ತಿದ್ದೇವೆ, ಕಾರನ್ನು ನೀರಿನವರೆಗೂ ಒಯ್ಯಬಹುದೇ ಅಂತ ಕೇಳಿದ್ದೀರಿ. ಒಯ್ಯಬೇಡಿ. ಊರಿನ ಕಡೆಯೇ ನಿಲ್ಲಿಸಿ ಕೆರೆಯ ಏರಿ ಹತ್ತಿ.

ಬೆಂಗಳೂರಿನಿಂದ ತುಮಕೂರು ರಸ್ತೆಯಲ್ಲಿ ಬಂದು ದಾಸರಹಳ್ಳಿ ಬಳಿಯ ಎಂಟನೇ ಮೈಲಿಯಲ್ಲಿ ಬಲಕ್ಕೆ ತಿರುಗಿದರೆ ಚಿಕ್ಕಬಾಣಾವರದ ಮೇಲೆ ಹೆಸರಘಟ್ಟ, ಅಲ್ಲಿಂದ ಸುಮಾರು 15 ಕಿ.ಮೀ. ಯಲಹಂಕದವರಿಗೆ ರಾಜಾನುಕುಂಟೆ ಕಡೆಯಿಂದ ಬರುವುದು ಸಲೀಸು. ಮೆಜೆಸ್ಟಿಕ್‌ನಿಂದ ಬಿಎಂಟಿಸಿ ಬಸ್ಸೂ ಇದೆ. ಇಳಿದ ತಕ್ಷಣ ವಾಪಸ್ ಬಸ್ಸು ಎಷ್ಟೊತ್ತಿಗೆ ಅಂತ ಕಂಡಕ್ಟರನ್ನೇ ಕೇಳಿಟ್ಟುಕೊಳ್ಳಿ.

ಫೋನಿನ ನಕ್ಷೆಯಲ್ಲಿ ಬರೀ 'ಕೆರೆ' ಅಂತ ಹಾಕಿದರೆ ಎಡವಟ್ಟಾಗುತ್ತದೆ. ಸುತ್ತಮುತ್ತ ತೋಟಗಾರಿಕೆ ಸಂಶೋಧನಾ ಸಂಸ್ಥೆ, ಕೋಳಿ ಸಾಕಣೆ, ಮೇವಿನ ಕೇಂದ್ರ ಅಂತ ಸರ್ಕಾರಿ ಕ್ಯಾಂಪಸ್‌ಗಳೇ ಹೆಚ್ಚು. ಯಾವುದೋ ಒಂದರ ಗೇಟಿನೆದುರು ನಿಂತಿರುತ್ತೀರಿ. ಹೆಸರಘಟ್ಟ ಊರನ್ನೇ ಗುರುತು ಹಾಕಿಕೊಂಡು, ಅಲ್ಲಿ 'ಕೆರೆ ಏರಿ ಎಲ್ಲಿ' ಅಂತ ಯಾರನ್ನಾದರೂ ಕೇಳಿ.

ಕಾರು ಬೇಡ ಅಂದಿದ್ದಕ್ಕೆ ಕಾರಣ ಕೆರೆಯಂಗಳದ ಮಣ್ಣು. ಇದು ಅರ್ಕಾವತಿಗೆ ಅಡ್ಡಲಾಗಿ ಕಟ್ಟಿ, 1890ರ ದಶಕದಲ್ಲಿ ಬೆಂಗಳೂರಿಗೆ ನೀರು ಕೊಟ್ಟ ಕೆರೆ. ಈಗ ನದಿಯೇ ಬತ್ತಿರುವುದರಿಂದ ಒಳ್ಳೆಯ ಮಳೆಯಾದ ವರ್ಷ ಬಿಟ್ಟರೆ ನೀರು ಬಹಳ ಹಿಂದಕ್ಕೆ ಸರಿದಿರುತ್ತದೆ. ಬಿಟ್ಟುಹೋದ ಹೂಳು ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಗಟ್ಟಿ ನೆಲ ಅನ್ನಿಸುತ್ತದೆ. ಕೆಳಗೆ ಕೆಸರು ಹಾಗೇ ಇರುತ್ತದೆ. ಚಕ್ರ ಕೂತರೆ ಆಕ್ಸಿಲರೇಟರ್ ಒತ್ತಿದಷ್ಟೂ ಒಳಕ್ಕೆ, ಟ್ರ್ಯಾಕ್ಟರ್ ಕರೆಸದೆ ಬಿಡುಗಡೆಯಿಲ್ಲ. ನಡೆಯುವಾಗಲೂ ದನ ಓಡಾಡಿದ ಜಾಡು ಬಿಡಬೇಡಿ. ನೀರಿಗಂತೂ ಇಳಿಯಲೇಬೇಡಿ: ಹಿಂದೆ ಮರಳು, ಮಣ್ಣು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ.

ಪಕ್ಕದ ಹುಲ್ಲುಗಾವಲಿಗೂ ಇದೇ ಮಾತು. ಜೀಪು ನುಗ್ಗಿಸಿ ಫೋಟೊ ತೆಗೆಯುವವರಿಗೆ ಅದು ಖಾಲಿ ಬಯಲು. ಟಿಟ್ಟಿಭ, ನೆಲಗುಬ್ಬಿಗಳೆಲ್ಲ ಅಲ್ಲಿ ಬರಿ ನೆಲದಲ್ಲೇ ಮೊಟ್ಟೆ ಇಡುತ್ತವೆ, ಕಾಲಡಿಗೆ ಬರುವವರೆಗೂ ಗೊತ್ತಾಗುವುದಿಲ್ಲ. ಈಗಾಗಲೇ ಸವೆದಿರುವ ದಾರಿಯಲ್ಲೇ ನಡೆಯಿರಿ. ಟಿಟ್ಟಿಭ ತಲೆಯ ಮೇಲೆ ಸುತ್ತುತ್ತಾ ಅರಚಿದರೆ ಗೂಡೋ ಮರಿಯೋ ಹತ್ತಿರದಲ್ಲೇ ಇದೆ ಅಂತ ಅರ್ಥ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ.

ಹ್ಯಾರಿಯರ್‌ನಂಥ ವಲಸೆ ಬೇಟೆಹಕ್ಕಿಗಳಿಗೆ ನವೆಂಬರ್‌ನಿಂದ ಫೆಬ್ರವರಿ ಸರಿಯಾದ ಕಾಲ. ಸೂರ್ಯ ಹುಟ್ಟುವ ಹೊತ್ತಿಗೆ ಅಲ್ಲಿರಿ. ಹತ್ತು ಗಂಟೆಯ ಮೇಲೆ ಬಿಸಿಲಿಗೆ ಗಾಳಿ ನಡುಗಿ ದೂರದ ಚಿತ್ರವೆಲ್ಲ ಮಸುಕು. ಬಯಲಿನಲ್ಲಿ ನೆರಳಿಲ್ಲ, ಕುಡಿಯಲು ಒಬ್ಬೊಬ್ಬರಿಗೂ ಒಂದು ಲೀಟರ್ ನೀರು ಬೇಕೇ ಬೇಕು. ನಾಯಿಗಳ ಹಿಂಡು ಬಂದರೆ ಓಡಬೇಡಿ. ತಿಂಡಿ ಊರಲ್ಲೇ ಮುಗಿಸಿ ಹೊರಡಿ, ಪೊಟ್ಟಣ ಬಿಚ್ಚಿದ ಕಡೆ ಅವು ಮೊದಲು ಬರುತ್ತವೆ.